ಒಂದೂವರೆ ಪುಟದ ವ್ಯಾಕರಣಕ್ಕೆ ಮಂಜೂರಾತಿ ಕೋರಿ

ಇಂದ,
ಹಳೇ ಪಾರ್ಸರ್‌ನ ಹಾಲಿ ವಾರಸುದಾರ,
ಸಾಫ್ಟ್‌ವೇರ್ ವಿಭಾಗ, ಕಿಟಕಿ ಇಲ್ಲದ ಕೋಣೆ.

ಗೆ,
ಸದರಿ ಪಾರ್ಸರ್‌ನ ಜನ್ಮದಾತರೂ ವಿಭಾಗದ ಮುಖ್ಯಸ್ಥರೂ ಆದ ತಮಗೆ,
ಕಿಟಕಿ ಇರುವ ಕೋಣೆ.

ವಿಷಯ: ಹೆಣಿಗೆ ಯಂತ್ರದ ಭಾಷೆಗೆ ಓದಲು ಬರುವಂಥ ವ್ಯಾಕರಣ ಮಂಜೂರು ಮಾಡಿ, ನನ್ನನ್ನು ಹೆಂಡತಿಯ ಹೆರಿಗೆಗೆ ಬಿಟ್ಟುಕೊಡುವ ಬಗ್ಗೆ.

ಉಲ್ಲೇಖ: ನನ್ನ ಹಿಂದಿನ ರಜೆ ಅರ್ಜಿಗಳು ಹಾಗೂ ಅವುಗಳ ಮೇಲೆ ತಾವು ಬರೆದ "ನೋಡೋಣ".

ಮಾನ್ಯರೇ,

1. ನಮ್ಮ ಸ್ವೆಟರ್ ಕಾರ್ಖಾನೆಯಲ್ಲಿ "ಕೆಂಪು ನಾಲ್ಕು, ಬಿಳಿ ಎರಡು" ಎಂದು ವಿನ್ಯಾಸ ಬರೆಯುವ ಪುಟ್ಟ ಭಾಷೆಯೊಂದಿದೆ. ಅದನ್ನು ಓದಿ ಯಂತ್ರಕ್ಕೆ ತಿಳಿಸುವ ಪ್ರೋಗ್ರಾಮೇ ಪಾರ್ಸರ್. ಯೌವನದ ಹುಮ್ಮಸ್ಸಿನಲ್ಲಿ ತಾವದನ್ನು ಕೈಯಾರೆ ಬರೆದಿರಿ. ಈಗ ಅದು ತಮಗೂ ಅರ್ಥವಾಗುವುದಿಲ್ಲ.

2. ನಮ್ಮಲ್ಲಿ ಕಡತವನ್ನು ಕೊನೆಗೆ ಮುಟ್ಟಿದವನೇ ಅದರ ಹೊಣೆಗಾರ. ಸೇರಿದ ಹೊಸತರಲ್ಲಿ ನಾನೊಂದು ಅಲ್ಪವಿರಾಮ ತಿದ್ದಿದೆ. ಆದಕಾರಣ ಇಡೀ ಪಾರ್ಸರ್ ನನ್ನ ತಲೆಗೆ ಕಟ್ಟಲ್ಪಟ್ಟಿತು.

3. ಸದರಿ ಪಾರ್ಸರ್‌ಗೆ ಬರುವ ಮಾತು ಒಂದೇ: "ತಪ್ಪು". ಹೆಣಿಗೆ ಮೇಸ್ತ್ರಿ ಫೋನ್ ಮಾಡಿ, "ಎಲ್ಲಿ ತಪ್ಪು ಅಂತ ಹೇಳೋಕೆ ನಿಮ್ಮ ಕಂಪ್ಯೂಟರಿಗೇನು ರೋಗ?" ಎನ್ನುತ್ತಾರೆ. ಆದ್ದರಿಂದ ಆ ತಪ್ಪು ಹುಡುಕಲು ನಾನು ಓಡುತ್ತೇನೆ. ನನ್ನ ದೊಡ್ಡ ಮಗಳು ಹುಟ್ಟಿದಾಗಲೂ ಇಲ್ಲೇ ಕೂತು, ಮುಚ್ಚದೆ ಬಿಟ್ಟ ಬ್ರಾಕೆಟ್ ಒಂದನ್ನು ಹುಡುಕುತ್ತಿದ್ದೆ. ಅವಳ ಮೊದಲ ಅಳು ಕೇಳಿದ್ದು ಫೋನಿನಲ್ಲಿ. ಇವತ್ತಿಗೂ ಹೊಟ್ಟೆ ಉರಿಯುತ್ತದೆ, ಸ್ವಾಮಿ.

4. ಆದ್ದರಿಂದ ಪಾರ್ಸರ್ ಜನರೇಟರ್ ಎಂಬ ಉಪಕರಣದ ಮೊರೆಹೋದೆ. ಭಾಷೆಯ ನಿಯಮ, ಅಂದರೆ ವ್ಯಾಕರಣ, ಬರೆದುಕೊಟ್ಟರೆ ಸಾಕು, ಪಾರ್ಸರನ್ನು ಅದೇ ತಯಾರಿಸುತ್ತದೆ. ನಿಯಮಗಳು ಹೀಗಿವೆ: "ವಿನ್ಯಾಸ ಎಂದರೆ ಸಾಲುಗಳು. ಸಾಲು ಎಂದರೆ ತುಂಡುಗಳು. ತುಂಡು ಎಂದರೆ ಬಣ್ಣ, ಅದರ ಮುಂದೆ ಸಂಖ್ಯೆ." ಒಟ್ಟು ಒಂದೂವರೆ ಪುಟ. ತಪ್ಪಿದ್ದರೆ ಯಾವ ಸಾಲಿನಲ್ಲಿ ಏನು ಬಿಟ್ಟುಹೋಗಿದೆ ಎಂದೂ ಹೇಳುತ್ತದೆ. ಪರೀಕ್ಷೆಗೆಂದು ಓಡಿಸಿದ ವಾರ ಮೇಸ್ತ್ರಿಯ ಫೋನ್ ಬರಲೇ ಇಲ್ಲ. ಅವರಿಗೆ ಹುಷಾರಿಲ್ಲವೇನೋ ಎಂದು ನಾನೇ ವಿಚಾರಿಸಿಕೊಂಡು ಬಂದೆ.

5. ತಾವೂ ಓದಿದಿರಿ. "ಇಷ್ಟೇನಾ ಇದು?" ಎಂದಿರಿ. ತಮ್ಮ ಮುಖ ಸಣ್ಣದಾಯಿತು. ಆಮೇಲೆ, "ಎಲ್ಲರಿಗೂ ಅರ್ಥ ಆಗೋ ಹಾಗೆ ಬರೆದ್ರೆ ನಮ್ಮನ್ನ ಯಾರ್ರೀ ಕೇಳ್ತಾರೆ?" ಎಂದು ಆ ಪುಟಗಳನ್ನು ಡ್ರಾಯರಿಗೆ ಹಾಕಿದಿರಿ. ಹಳೆಯದೇ ಮತ್ತೆ ಗದ್ದುಗೆ ಏರಿತು.

6. ಇತ್ತ ಹೆಂಡತಿಗೆ ದಿನ ತುಂಬಿದೆ. "ಈ ಸಲಾನೂ ಬರಲ್ಲ ಅಂದ್ರೆ ಈಗ್ಲೇ ಹೇಳಿಬಿಡಿ. ಅಪ್ಪ ಅಂತ ಮಗೂಗೆ ಆ ಮಷೀನನ್ನೇ ತೋರಿಸ್ತೀನಿ" ಎಂದಿದ್ದಾಳೆ. ಮಾತಿನಂತೆ ನಡೆಯುವ ಹೆಂಗಸು.

ಮೇಲ್ಕಂಡ ಎಲ್ಲ ಕಾರಣಗಳಿಂದಾಗಿ, ಇಂದು ಬೆಳಿಗ್ಗೆ ನೋವು ಶುರುವಾದ ಕಾರಣವೂ ಸೇರಿ, ಹಳೇ ಪಾರ್ಸರನ್ನು ತೆಗೆದು ಹೊಸದನ್ನು ಹಾಕಿ ಬಂದಿರುತ್ತೇನೆ. ಆದ್ದರಿಂದ ಮಂಜೂರಾತಿಯನ್ನು ಪೂರ್ವಾನ್ವಯವಾಗುವಂತೆ ದಯಪಾಲಿಸಬೇಕಾಗಿ ವಿನಂತಿ.

ತಮ್ಮ ವಿಶ್ವಾಸಿ, ಆದರೆ ಈ ಹೊತ್ತು ತಮ್ಮ ಕೈಗೆ ಸಿಗದವ,
(ಸಹಿ)
ಹೆರಿಗೆ ಕೋಣೆಯ ಹೊರಗಿನ ಬೆಂಚು.

ಲಗತ್ತು:
ವ್ಯಾಕರಣದ ಇನ್ನೊಂದು ಪ್ರತಿ (ಮೊದಲನೆಯದು ತಮ್ಮ ಡ್ರಾಯರಿನಲ್ಲಿದೆ).
ವೈದ್ಯರ ಚೀಟಿ (ಇದನ್ನು ಓದಲು ಯಾರಿಂದಲೂ ಆಗಿಲ್ಲ).

ವಿ.ಸೂ.: ನರ್ಸ್ ಒಳಗೆ ಕರೆಯುತ್ತಿದ್ದಾರೆ. ಫೋನ್ ಆಫ್ ಮಾಡುತ್ತಿದ್ದೇನೆ. ಯಂತ್ರ ನಿಂತರೆ ಎಲ್ಲಿ ತಪ್ಪೆಂದು ಅದೇ ಹೇಳುತ್ತದೆ, ತಾವೇ ಓದಿಕೊಳ್ಳತಕ್ಕದ್ದು.