ಹನ್ನೊಂದು ಗಂಟೆಯ ಮಳೆ

ಎಲ್ಲರ ದನಿಯನ್ನೂ ಅಣಕಿಸುವವನ ಸ್ವಂತ ದನಿಯನ್ನು ಯಾರೂ ನಂಬುವುದಿಲ್ಲ. ಟಿವಿಯಲ್ಲಿ ಹವಾಮಾನ ಓದುವವ, ಓಣಿಯ ತರಕಾರಿಯವ, ನಮ್ಮ ಸಾಹೇಬರು, ಎಲ್ಲರನ್ನೂ ನಾನು ಹದವಾಗಿ ಅಣಕಿಸಬಲ್ಲೆ. ಹೀಗಾಗಿ ಜ್ವರ ಬಂದು ನರಳಿದರೂ ನಮ್ಮ ಜೋರಾಪುರ ಪೇಟೆಯ ಮಂದಿ, 'ಇದು ಯಾರ ದನಿ ಮಾಡಾಕತ್ತಿ?' ಎಂದು ಕೇಳುತ್ತಾರೆ.

ಕಳ್ಳಕವಟಗಿ ಊರಿನ ನಮ್ಮ ಚಿಗವ್ವ, ಅವ್ವನ ತಂಗಿ, ಮಾತ್ರ ಈ ಸಲ ನಂಬಿದ್ದಳು. ಆಕೆಯ ವರ್ಷದ ದ್ರಾಕ್ಷಿಯೆಲ್ಲ ಒಣದ್ರಾಕ್ಷಿಯಾಗಲು ಶೆಡ್ಡಿನ ಜಾಲರಿಗಳ ಮೇಲೆ ಹರಡಿತ್ತು. ಸುತ್ತ ತಾಡಪತ್ರಿಯ ಪರದೆ ಇಳಿಬಿಟ್ಟರೆ ಗಾಳಿಯಿಲ್ಲದೆ ದ್ರಾಕ್ಷಿ ಕಪ್ಪಾಗುತ್ತದೆ; ಬಿಡದಿದ್ದರೆ ಅಕಾಲದ ಮಳೆಯ ಎರಚಲು ಬಡಿದು ಕೊಳೆಯುತ್ತದೆ. 'ಮಳಿ ಬರೂ ಟೈಮ್ ನಾ ಹೇಳ್ತೇನಿ, ನನಗ ಬಿಡು' ಎಂದುಬಿಟ್ಟೆ. ಮುನ್ಸೂಚನೆಯ ಡೇಟಾ ಇಳಿಸಿಕೊಂಡು, ಯಾವ ಗಂಟೆಗೆ ಎಷ್ಟು ಮಳೆ ಎಂದು ಗೆರೆ ಎಳೆಯುವ ಸ್ಕ್ರಿಪ್ಟ್ ಬರೆಯಲು ಎರಡು ದಿನ ಹಿಡಿಯಿತು. ಅದರಲ್ಲಿ ಒಂದೂವರೆ ದಿನ ಗೆರೆಯ ಬಣ್ಣ ಆರಿಸುವುದಕ್ಕೇ ಹೋಯಿತು. ಕೊನೆಗೆ ನೀಲಿ ಗೆರೆ ಶುಕ್ರವಾರ ಬೆಳಿಗ್ಗೆ ಹನ್ನೊಂದಕ್ಕೆ ಗುಮ್ಮಟದಂತೆ ಎದ್ದು ನಿಂತಿತು.

ಶುಕ್ರವಾರ ಚಿಗವ್ವ ಹತ್ತಕ್ಕೇ ತಾಡಪತ್ರಿ ಇಳಿಬಿಟ್ಟಳು. ಹನ್ನೊಂದಾಯಿತು, ಹನ್ನೆರಡಾಯಿತು, ಬಿಸಿಲು ಚುರುಗುಟ್ಟಿತು. ಫೋನ್ ಬಂತು.

'ಲೇ, ಎಲ್ಲಿ ಐತೋ ನಿನ್ನ ಮಳಿ? ಒಳಗ ದ್ರಾಕ್ಷಿ ಕುದ್ದು ಪಾಯಸ ಆಗಾಕತ್ತೈತಿ. ತಾಡಪತ್ರಿ ಎತ್ತಿ ಕಟ್ಟಾಕತ್ತೇನಿ ನೋಡು.'

ಬೆವರುತ್ತ ಸ್ಕ್ರಿಪ್ಟ್ ತೆರೆದೆ. ಡೇಟಾದಲ್ಲಿದ್ದ ಗಂಟೆಗಳು ಲಂಡನ್ ಗಡಿಯಾರದವು. ನಮ್ಮದು ಐದೂವರೆ ತಾಸು ಮುಂದೆ. ಅದನ್ನು ಕೂಡಿಸುವುದನ್ನೇ ಮರೆತಿದ್ದೆ. ತಿರುಗಿ ಫೋನ್ ಹಚ್ಚಿದೆ.

'ಚಿಗವ್ವಾ, ಮಳಿ ನಾಕೂವರಿಗೆ ಬರ್ತೈತಿ. ಮೊದಲ ಹೇಳಿದ್ದು ಲಂಡನ್ ಟೈಮ್.'

'ಈಗ ಯಾರ ದನಿ ಮಾಡಾಕತ್ತಿ?'

'ನಂದ. ತಪ್ಪು ಮಾಡಿದಾಗ ಹಿಂಗ ಇರ್ತೈತಿ.'

'ಈ ದನಿ ನಾ ಕೇಳಿರಲಿಲ್ಲ ಬಿಡು. ನಾಕಕ್ಕ ಇಳಿಸ್ತೇನಿ' ಎಂದಳು.

ನಾಲ್ಕು ನಲವತ್ತಕ್ಕೆ ಮತ್ತೆ ಫೋನ್. ಚಿಗವ್ವ ತಾಡಪತ್ರಿಯ ಮೇಲೆ ಮಳೆ ಬಡಿಯುವ ಸದ್ದನ್ನಷ್ಟೇ ಕೇಳಿಸಿದಳು.

ದ್ರಾಕ್ಷಿ ಉಳಿಯಿತು. ಈಗ ಅಕ್ಕಪಕ್ಕದ ಶೆಡ್ಡುಗಳವರೂ 'ಗೆರಿ ಕಳಸ್ರಿ' ಎನ್ನುತ್ತಾರೆ. ಸ್ಕ್ರಿಪ್ಟನ್ನು ತಿದ್ದಿದ್ದೇನೆ, ಚಿಗವ್ವನನ್ನು ತಿದ್ದಲಾಗಲಿಲ್ಲ. ನಾನು ಯಾವ ಹೊತ್ತು ಹೇಳಿದರೂ ಐದೂವರೆ ತಾಸು ಕೂಡಿಸಿಯೇ ನಂಬುತ್ತಾಳೆ. ಮೊನ್ನೆ, 'ಹತ್ತಕ್ಕ ಊಟಕ್ಕ ಬರ್ತೇನಿ' ಎಂದಿದ್ದೆ. ದಾರಿಯಲ್ಲಿ ತಿಕೋಟಾದಲ್ಲಿ ಇಳಿದು ಚಹಾ, ಹರಟೆ, ನಾಲ್ಕು ಜನರ ಅಣಕ ಎಲ್ಲ ಮುಗಿಸಿ ಆಕೆಯ ಮನೆ ಮುಟ್ಟಿದಾಗ ನಾಲ್ಕು ಗಂಟೆ. ರೊಟ್ಟಿ ಇನ್ನೂ ಬಿಸಿಯಾಗಿತ್ತು.

'ಅರ್ಧಾ ತಾಸು ತಡಾ ಮಾಡಿದಿ' ಎಂದಳು.