ಈ ವಾರ ಗೋಡೆ ಕಡೆಯ ಪಾಳಿ

ಮಕ್ಕಳಿಗೆ ಎಷ್ಟು ಗೊತ್ತಿದೆ ಎಂದು ತಿಳಿಯುವುದಕ್ಕೆ ಶಿಕ್ಷಕರು ಪ್ರಶ್ನೆ ಕೇಳುತ್ತಾರೆ ಎಂದು ನೀವು ನಂಬಿದ್ದರೆ, ನೀವು ಶಿಕ್ಷಕರಲ್ಲ ಎಂದಾಯಿತು. ನಾವು ಕೇಳುವುದು ನಮ್ಮ ಸಮಾಧಾನಕ್ಕೆ. ಅರ್ಧ ಗಂಟೆ ಗಂಟಲು ಹರಿದುಕೊಂಡ ಮೇಲೆ "ಗೊತ್ತಿಲ್ರಿ" ಎನ್ನಿಸಿಕೊಳ್ಳುವುದು ಯಾರಿಗೆ ಬೇಕು? ಉತ್ತರ ಬರುವ ಕಡೆಗೇ ಬೆರಳು ತಾನಾಗಿ ತಿರುಗುತ್ತದೆ. ನನ್ನ ಮೂರನೆಯ ತರಗತಿಯಲ್ಲಿ ಅದು ತಿರುಗುತ್ತಿದ್ದದ್ದು ಬಾಗಿಲ ಕಡೆ ಗಾಳಿಗೆ ಕೂಡುತ್ತಿದ್ದ ಬಸಮ್ಮನತ್ತ. ನಾನು ಏನು ಕೇಳಬೇಕೆಂದಿದ್ದೆ ಎಂಬುದು ಕೆಲವೊಮ್ಮೆ ಅವಳ ಉತ್ತರದಿಂದಲೇ ನನಗೆ ತಿಳಿಯುತ್ತಿತ್ತು.

ಶಾಲೆ ಇದ್ದದ್ದು ಕೆಂಭಾವಿಯಿಂದಲೂ ಆಚೆಗೆ, ನಾರಾಯಣಪುರದ ಅಣೆಕಟ್ಟಿನ ಕಾಲುವೆ ನೀರು ಹರಿದು ಹರಿದು ಸುಸ್ತಾಗಿ ನಿಲ್ಲುವ ಒಂದು ಊರಿನಲ್ಲಿ. ನಮ್ಮ ಮನೆ ಶಹಾಪುರದಲ್ಲಿ. ನಸುಕಿನ ಬಸ್ಸು ತಪ್ಪಬಾರದೆಂದು ರೊಟ್ಟಿ ಬಡಿಯುವ ಕೆಲಸವನ್ನು ನಮ್ಮ ಯಜಮಾನರು ವಹಿಸಿಕೊಂಡಿದ್ದರು. ಕಚೇರಿಯಲ್ಲಿ ಗುಮಾಸ್ತರಾದ ಅವರಿಗೆ ದುಂಡಗೆ ಬರೆಯುವುದು ಗೊತ್ತಿತ್ತು, ದುಂಡಗೆ ಬಡಿಯುವುದು ಗೊತ್ತಿರಲಿಲ್ಲ. ನನ್ನ ಬುತ್ತಿಯಲ್ಲಿ ಒಂದು ದಿನ ಶ್ರೀಲಂಕಾ, ಇನ್ನೊಂದು ದಿನ ಗುಜರಾತ್ ಇರುತ್ತಿತ್ತು. ಭೂಗೋಳ ಕಲಿಸಲು ಅನುಕೂಲ, ಆದರೆ ನುಂಗುವುದು ಕಷ್ಟ. ಆದ್ದರಿಂದ ಶಹಾಪುರಕ್ಕೆ ವರ್ಗ ಕೇಳಿ ಅರ್ಜಿ ಹಾಕಿದ್ದೆ. ತಪಾಸಣೆಗೆ ಬರುವ ಸಾಹೇಬರಿಗೆ ಶಾಲೆ ಚೆನ್ನಾಗಿ ಕಂಡರೆ ಅವರೇ ಶಿಫಾರಸು ಮಾಡುತ್ತಾರೆ ಎಂದು ಎಲ್ಲರೂ ಧೈರ್ಯ ಹೇಳಿದ್ದರು. ಬಸಮ್ಮ ಇರುವತನಕ ನನಗೇನು ಭಯ ಎಂದು ನಾನೂ ನಿಶ್ಚಿಂತಳಾಗಿದ್ದೆ.

ಅಷ್ಟರಲ್ಲಿ ಒಂದು ಸಂತೆಯ ದಿನ, ಅರ್ಧ ಮಕ್ಕಳು ಅಪ್ಪಂದಿರ ಜೊತೆ ಸಂತೆಗೆ ಹೋಗಿದ್ದಾಗ, ಹಣಮವ್ವ ಶಾಲೆಯ ಬಾಗಿಲಲ್ಲಿ ಬಂದು ನಿಂತಳು. ಅವಳ ಮಗಳು ಶಾಂತಮ್ಮ ಗೋಡೆ ಕಡೆ ಕಟ್ಟಕಡೆಗೆ ಕೂಡುವ ಹುಡುಗಿ.

"ಟೀಚರ್‌ರಿ, ನನ್ನ ಮಗಳು ದಿನಾ ಸಾಲಿಗಿ ಬರ್ತಾಳಿಲ್ರಿ?"

"ಬರ್ತಾಳವ್ವ."

"ಮತ್ತ ಆಕಿನ್ನ ಒಂದಿನಾನೂ ಏನೂ ಕೇಳಂಗಿಲ್ಲಂತ. ನಮ್ಮ ಹೊಲ ಟೇಲಿನ್ಯಾಗ ಅದ, ಮ್ಯಾಲಿನವ್ರು ಹೊಟ್ಟಿತುಂಬ ಹಾಯಿಸ್ಕೊಂಡು ಬಿಟ್ಟದ್ದು ನಮಗ ಬರ್ತದ. ಸಾಲ್ಯಾಗೂ ಹಂಗ ಏನ್ರಿ?"

ಕಾಲುವೆಯ ಕೊನೆಯ ಭಾಗಕ್ಕೆ ನಮ್ಮಲ್ಲಿ ಟೇಲ್ ಎನ್ನುತ್ತಾರೆ. ಅಲ್ಲಿಗೆ ನೀರು ಮುಟ್ಟದೆ ಬಡಿದಾಟಗಳಾಗಿ, ಕೊನೆಗೆ ಊರಿನವರೆಲ್ಲ ಕೂಡಿ ಪಾಳಿ ಗೊತ್ತುಮಾಡಿದ್ದರು. ಒಂದು ವಾರ ಮೇಲಿನವರಿಗೆ ನೀರು, ಟೇಲಿಗೆ ಬಂದ್. ಮರುವಾರ ಟೇಲಿಗೆ ನೀರು, ಮೇಲಿನವರಿಗೆ ಬಂದ್. ಗೇಟು ಎತ್ತುವ ಲಸ್ಕರನ ಮಾತೇ ಕಾನೂನು. ನಮ್ಮ ತರಗತಿಗೂ ಅದೇ ಪಾಳಿ ಸರಿ ಎನ್ನಿಸಿತು. ಮಾರನೆಯ ದಿನವೇ ತರಗತಿಯಲ್ಲಿ ಸಾರಿದೆ: ಒಂದು ವಾರ ಗೋಡೆ ಕಡೆಯವರಿಗೆ ಪ್ರಶ್ನೆ, ಒಂದು ವಾರ ಬಾಗಿಲ ಕಡೆಯವರಿಗೆ. ಪಾಳಿ ಇಲ್ಲದವರು ತುಟಿ ಬಿಚ್ಚುವಂತಿಲ್ಲ.

ಒಂದು ಪದ್ಯ ಬಾಯಿಪಾಠ ಮಾಡಲು ತಿಂಗಳುಗಟ್ಟಲೆ ಕಾಡುವ ಮಕ್ಕಳು ಇದನ್ನು ಒಂದೇ ಮಾತಿಗೆ ಕಲಿತರು. ನನ್ನನ್ನು ಕೇಳದೆ ತಮ್ಮೊಳಗಿನ ದೇವಪ್ಪನನ್ನು ಲಸ್ಕರನನ್ನಾಗಿ ನೇಮಿಸಿದರು. ಅವನು ಸೋಮವಾರ ಪ್ರಾರ್ಥನೆ ಮುಗಿದ ಕೂಡಲೆ ಇಲ್ಲದ ಗೇಟಿನ ಇಲ್ಲದ ಹಿಡಿಕೆಯನ್ನು ತಿರುವಿ, ಬಾಯಿಂದ ಕಿರ್ರೆಂದು ಸದ್ದು ಹೊರಡಿಸಿ, "ಬಿಟ್ಟೇನ್ರಿ ಟೀಚರ್" ಎಂದ ಮೇಲೆಯೇ ನಾನು ಪಾಠ ಶುರುಮಾಡಬೇಕು. ಒಮ್ಮೆ ಬಂದ್ ಇದ್ದ ವಾರದಲ್ಲಿ "ಊಟ ಆತೇನ ಬಸಮ್ಮ?" ಎಂದು ಕೇಳಿದರೆ, ಹೇಳಲೋ ಬೇಡವೋ ಎಂದು ಅವಳು ದೇವಪ್ಪನ ಮುಖ ನೋಡಿದಳು.

ಸಾಹೇಬರು ಬಾಗಿಲ ಕಡೆಯ ವಾರದಲ್ಲಿ ಬರುತ್ತಾರೆಂದು ನಾನು ಒಳಗೊಳಗೇ ಹಿಗ್ಗಿದ್ದೆ. ಅವರು ಅದರ ಹಿಂದಿನ ಶನಿವಾರವೇ ಮುಂಜಾನೆ ಮೋಟಾರ್ ಸೈಕಲ್ಲಿನಲ್ಲಿ ಇಳಿದರು. ನೇರ ಒಳಗೆ ಬಂದು, ಮುಖದಲ್ಲಿ ಕಳೆಯಿದ್ದ ಬಸಮ್ಮನನ್ನೇ ಆರಿಸಿ, "ಏಳರ ಮಗ್ಗಿ ಹೇಳವ್ವ" ಎಂದರು. ನಾನು ಉಸಿರು ಬಿಟ್ಟೆ.

ಬಸಮ್ಮ ಎದ್ದು ನಿಂತಳು. "ನಮ್ಮ ಕಡಿ ಈ ವಾರ ಬಂದ್ ಅದರಿ ಸರ್."

ಸಾಹೇಬರು ನನ್ನನ್ನು ನೋಡಿದರು. ನಾನು, "ಇವತ್ತೊಂದಿನ ಹೇಳವ್ವ, ಪರವಾಗಿಲ್ಲ" ಎಂದೆ.

"ಒಲ್ಲೆರಿ ಟೀಚರ್. ಹಿಂಗ ಒಂದಿನ ಒಂದಿನ ಅಂತಾನ ಮ್ಯಾಲಿನವ್ರು ಗೇಟ್ ಎತ್ತತಾರಂತ ನಮ್ಮಪ್ಪ ಅಂತಾನ."

ಅವಳಪ್ಪನ ಹೊಲವೇ ಕಾಲುವೆಯ ಮೇಲ್ಭಾಗದಲ್ಲಿತ್ತು, ಗೇಟೆತ್ತುವ ವಿದ್ಯೆ ಅವನಿಗೆ ಚೆನ್ನಾಗಿ ಗೊತ್ತಿರಬೇಕು. ಸಾಹೇಬರು ಕುರ್ಚಿ ಎಳೆದುಕೊಂಡು, ಇದೇನು ವ್ಯವಹಾರ ಎಂದು ಎಲ್ಲವನ್ನೂ ದೇವಪ್ಪನಿಂದ ಕೇಳಿ ತಿಳಿದುಕೊಂಡರು. ಆಮೇಲೆ ಗೋಡೆ ಕಡೆ ತಿರುಗಿ ಶಾಂತಮ್ಮನನ್ನು ಎಬ್ಬಿಸಿದರು. ನನ್ನ ಕಣ್ಣಮುಂದೆ ಶಹಾಪುರ ನಿಧಾನವಾಗಿ ಹಿಂದಕ್ಕೆ ಸರಿಯತೊಡಗಿತು.

ಶಾಂತಮ್ಮ ಏಳೊಂದ್ಲೆ ಏಳರಿಂದ ಹೊರಟಳು. ಏಳೇಳ್ಲೆ ನಲವತ್ತೊಂಬತ್ತರವರೆಗೆ ಬಂದು ಏಳೆಂಟ್ಲೆಯ ಹತ್ತಿರ ನಿಂತಳು. ಸೂರು ನೋಡಿದಳು, ನೆಲ ನೋಡಿದಳು. ಬಾಗಿಲ ಕಡೆಯವರೆಲ್ಲ ಉತ್ತರವನ್ನು ಬಾಯಲ್ಲಿ ಒತ್ತಿ ಹಿಡಿದುಕೊಂಡು ಒದ್ದಾಡುತ್ತಿದ್ದರು. ಬಸಮ್ಮನಂತೂ ಎರಡೂ ಕೈಗಳಿಂದ ಬಾಯಿ ಮುಚ್ಚಿಕೊಂಡಿದ್ದಳು. ನನಗೇ ತಡೆಯಲಾಗದೆ ಬಾಯಿ ತೆರೆದೆ, ದೇವಪ್ಪ ನನ್ನ ಕಡೆ ಕಣ್ಣು ಬಿಟ್ಟ, ಮುಚ್ಚಿದೆ. ಕೊನೆಗೆ ಶಾಂತಮ್ಮ ಬೆರಳು ಮಡಚಿ, ಬಿಚ್ಚಿ, ಮತ್ತೆ ಮಡಚಿ, "ಐವತ್ತಾರು" ಎಂದಳು. ಬಾಗಿಲ ಕಡೆಯಿಂದಲೇ ಮೊದಲು ಚಪ್ಪಾಳೆ ಬಿತ್ತು. ನನಗೆ ಕಣ್ಣು ತುಂಬಿ ಬಂತು, ಅದನ್ನು ಮುಚ್ಚಿಡುವುದೇಕೆ?

ಸಾಹೇಬರು ಖುಷಿಯಾಗಿ ಎದ್ದರು. "ಟೀಚರ್, ಭಾಳ ಚಲೋ ಪದ್ಧತಿ ಹಾಕೀರಿ. ನೀವು ಶಹಾಪುರಕ್ಕ ಹೋದ್ರ ಇಲ್ಲಿ ಬಂದವ್ರು ಮತ್ತ ಬಾಗಲ ಕಡೀನೇ ಕೇಳ್ತಾರ. ಇನ್ನಾ ಎರಡು ವರ್ಷ ಇಲ್ಲೇ ಇರ್ರಿ. ನಿಮ್ಮ ಅರ್ಜಿ ಸದ್ಯಕ್ಕ ನಾ ಮುಂದ ಕಳಸಂಗಿಲ್ಲ."

ಮೋಟಾರ್ ಸೈಕಲ್ಲಿನ ಸದ್ದು ಅಡಗಿತು. ಇನ್ನೆರಡು ವರ್ಷ ನುಂಗಬೇಕಾದ ದೇಶಗಳೆಲ್ಲ ಕಣ್ಣಮುಂದೆ ಬಂದವು. ಶಾಂತಮ್ಮ ಇನ್ನೂ ಕೂತಿರಲಿಲ್ಲ.

"ಟೀಚರ್‌ರಿ, ನೀವು ಶಹಾಪುರಕ್ಕ ಹೋಗಾವ್ರಿದ್ರೇನ್ರಿ?"

"ಹೋಗಬೇಕಂತ ಮಾಡಿದ್ನೆವ್ವ. ಮನೀಗಿ ಹತ್ತರ ಆಗ್ತದಲ್ಲ."

ಅವಳು ಸೂರನ್ನಾಗಲಿ ನೆಲವನ್ನಾಗಲಿ ನೋಡಲಿಲ್ಲ, ಬೆರಳನ್ನೂ ಮಡಚಲಿಲ್ಲ.

"ಅಲ್ಲಿ ಮೊದಲಾ ಭಾಳ ಮಂದಿ ಟೀಚರ್ ಅದಾರಲ್ರಿ. ಈಗ ನಮ್ಮ ಪಾಳಿ ರೀ."

ತರಗತಿಯೆಲ್ಲ ನನ್ನ ಮುಖ ನೋಡುತ್ತಿತ್ತು. ತಪ್ಪು ಎಂಬ ಮಾತು ನಾಲಿಗೆಯ ತುದಿಯವರೆಗೂ ಬಂದಿತ್ತು. ಆದರೆ ಕಲಿಸಿದವಳು ನಾನೇ.

"ಬರೊಬ್ಬರಿ ಅದ," ಎಂದೆ. "ಕುಂದ್ರವ್ವ."