ರೈಟರ ಬದಲಿಗೆ ಮಾವನ ಉಪವಾಸ

ನಮ್ಮ ಸೋದರಮಾವ ಬೈಯುವುದನ್ನು ಬಿಟ್ಟರು ಅಂತ ಅತ್ತೆ ಫೋನ್ ಮಾಡಿದಾಗ ನಾನು ಮೊದಲು ಕೇಳಿದ್ದು, "ಯಾವ ಆಸ್ಪತ್ರೆ ಅತ್ತೆ?" ಅಂತ! ಮತ್ತಿನ್ನೇನು ಕೇಳಲಿ? ಮೂಡಿಗೆರೆ ಹತ್ತಿರದ ಅವರ ಕಾಫಿ ತೋಟದಲ್ಲಿ ಗಡಿಯಾರವೂ ಇರಲಿಲ್ಲ, ಗಂಟೆಯೂ ಇರಲಿಲ್ಲ. ಮಾವನ ಮೊದಲ "ಬೇವರ್ಸಿ" ಕೇಳಿದರೆ ಕೆಲಸ ಶುರು, ಎರಡನೆಯದಕ್ಕೆ ಊಟ! ಆಳಿಗೆ, ನಾಯಿಗೆ, ಪಂಪ್‌ಸೆಟ್ಟಿಗೆ, ಮಳೆ ತಾರದ ಮೋಡಕ್ಕೆ, ಭೇದಭಾವವಿಲ್ಲದೆ ಬೈಯುವ ಮನುಷ್ಯ.

"ಬೈಗುಳ ಮಾತ್ರ ಅಲ್ಲ ಕಣೇ, ಹಂದಿ ಮಾಂಸನೂ ಬಿಟ್ಟಿದ್ದಾರೆ. ಈಸ್ಟರ್ ತನಕ ಮುಟ್ಟಲ್ವಂತೆ!" ಅತ್ತೆ ಅಳೋದೊಂದು ಬಾಕಿ.

ಶಿವರಾತ್ರಿಗೂ ಉಪವಾಸ ಮಾಡದ, ಕಡುಬು ಕಂಡರೆ ಪಕ್ಕದಲ್ಲಿ ಹಂದಿ ಸಾರು ಹುಡುಕುವ ಮಾವನಂಥ ಗೌಡರಿಗೂ ಈಸ್ಟರಿಗೂ ಏನು ಸಂಬಂಧ ಸ್ವಾಮಿ?

ಸಂಬಂಧ ಅವರ ತೋಟದ ಲೆಕ್ಕ ಬರೆಯುವ ರೈಟರು. ಚಿಕ್ಕ ವಯಸ್ಸಿನಿಂದಲೂ ಆಳುಗಳ ಹಾಜರಿ, ಬಟವಾಡೆ ನೋಡಿಕೊಂಡು, ದಿನಾ ಮಾವನಿಂದ ಬೈಸಿಕೊಂಡು, ನಗುತ್ತಾ ಇದ್ದ ಕ್ರೈಸ್ತರು. ಈಸ್ಟರಿಗೆ ಮುಂಚಿನ ನಲವತ್ತು ದಿನದ ತಪಸ್ಸು ಕಾಲದಲ್ಲಿ ಮಾಂಸ ಮುಟ್ಟದೆ, ಒಂದೇ ಹೊತ್ತು ಉಂಡು, ಕೆಟ್ಟ ಮಾತಾಡದೆ ಇರುವ ವ್ರತವನ್ನು ಒಂದು ವರ್ಷವೂ ತಪ್ಪಿಸಿದವರಲ್ಲ. ಆ ವರ್ಷ ಶುಗರ್ ಏರಿ, ಕಿಡ್ನಿಗೂ ತಗಲಿ ಹಾಸಿಗೆ ಹಿಡಿದಿದ್ದರು. ಉಪವಾಸ ಗಿಪವಾಸ ಕೂಡದು ಅಂದುಬಿಟ್ಟರು ಡಾಕ್ಟರು.

"ಇದೇ ಕೊನೇದಾಗ್ಬಹುದು ಗೌಡ್ರೇ, ಅದೂ ತಪ್ಪಿ ಹೋಯ್ತಲ್ಲ" ಅಂತ ರೈಟರು ಕಣ್ಣೀರು ಹಾಕಿದರಂತೆ.

"ನೀನು ಉಣ್ಣು ಮಾರಾಯ. ನಿನ್ನ ಬದಲು ವ್ರತ ನಾನು ಹಿಡೀತೀನಿ" ಅಂದರಂತೆ ಮಾವ. ಮನೆಯಲ್ಲಿ ಒಬ್ಬರು ಹೊತ್ತ ಹರಕೆಯನ್ನು ಇನ್ನೊಬ್ಬರು ತೀರಿಸುವುದಿಲ್ಲವೇ? ಇದೂ ಹಾಗೇ ಅಂತ ಅವರ ತಿಳುವಳಿಕೆ!

ಕಾಫಿ ಹೂ ಅರಳಿಸುವ ಹೂಮಳೆ ಕೈಕೊಟ್ಟ ಕಾಲ ಬೇರೆ. ಗಿಡಕ್ಕೆ ನೀರು ಹಾಯಿಸುವಾಗ ಸ್ಪ್ರಿಂಕ್ಲರ್ ಪೈಪು ಒಡೆದು ನೀರೆಲ್ಲ ರಸ್ತೆಗೆ! ಆಳುಗಳ ಮೇಸ್ತ್ರಿ ಕಿವಿ ಮುಚ್ಚಿಕೊಂಡು ನಿಂತ. ಮಾವನ ಮುಖ ಕೆಂಪೇರಿತು, ತುಟಿ ಅದುರಿತು. ಕೊನೆಗೆ ಹೊರಟದ್ದು, "ದಯವಿಟ್ಟು... ಪಂಪು ನಿಲ್ಲಿಸಪ್ಪ."

ಮೇಸ್ತ್ರಿ ಪಂಪು ನಿಲ್ಲಿಸಲಿಲ್ಲ. ಮನೆಗೆ ಓಡಿ, "ಅಮ್ಮಾ, ಗೌಡ್ರಿಗೇನೋ ಆಗ್ಬಿಟ್ಟಿದೆ, ಬೇಗ ಬನ್ನಿ!" ಅಂದ.

ಗುಡ್ ಫ್ರೈಡೇ ದಿನ ರೈಟರ ಬದಲು ಚರ್ಚಿಗೆ ಹೊರಟ ಮಾವನ ಕಾರು ಓಡಿಸಿದವಳು ನಾನೇ. ಮಾವ ಇಳಿದರು ನೋಡಿ, ಕೈಯಲ್ಲಿ ಹಣ್ಣುಕಾಯಿ ತಟ್ಟೆ! ನನ್ನ ಮಾನ ಹರಾಜು! ಫಾದರ್ ಮಾತ್ರ ನಗಲಿಲ್ಲ. "ಇವತ್ತು ಪೀಠದ ಮೇಲೆ ಏನೂ ಇಡಲ್ಲ ಗೌಡ್ರೇ. ದೀಪ ಇಲ್ಲ, ಹೂವಿಲ್ಲ, ಗಂಟೆಯೂ ಬಾರಿಸಲ್ಲ. ಯೇಸು ಪ್ರಾಣ ಬಿಟ್ಟ ದಿನ."

"ಅಂದ್ರೆ ಸಾವಿನ ಮನೆ" ಅಂದ ಮಾವ ತಟ್ಟೆಯನ್ನು ನನ್ನ ಕೈಗೆ ತುರುಕಿ, ಸಾವಿನ ಮನೆಯಲ್ಲಿ ಕೂರುವ ಹಾಗೆ ಹಿಂದೆ ನೆಲದ ಮೇಲೆ ಕೂತರು. ಪ್ರಾರ್ಥನೆ ಮುಗಿಯುವವರೆಗೂ ಏಳಲಿಲ್ಲ.

ಹೊರಡುವಾಗ ಫಾದರನ್ನು ಮೆಲ್ಲಗೆ ಕೇಳಿದರು. "ನಾನು ಮಾಡಿದ ಉಪವಾಸ ನಮ್ಮ ರೈಟರ ಲೆಕ್ಕಕ್ಕೆ ಹೋಗ್ತದಾ?"

"ದೇವರ ಹತ್ತಿರ ಲೆಕ್ಕ ಬರೆಯೋರು ಯಾರೂ ಇಲ್ಲ ಗೌಡ್ರೇ."

"ಹಾಗಾದ್ರೆ ಅಲ್ಲಿಗೂ ನಮ್ಮ ರೈಟರೇ ಬೇಕು!" ಅಂದವರು ಬೆಚ್ಚಿಬಿದ್ದು ಕೆನ್ನೆ ಕೆನ್ನೆ ಬಡಿದುಕೊಂಡರು. "ಬೇಡ ಬೇಡ! ಅವನು ಇಲ್ಲೇ ಇರ್ಲಿ!"

ಈಸ್ಟರ್ ಬೆಳಿಗ್ಗೆ ಕಡುಬು, ಹಂದಿ ಸಾರಿನ ಜೊತೆ ರೈಟರ ಮನೆಗೆ ಹೋದೆವು. ಅವರ ಕೈ ಒಣಗಿದ ಕಡ್ಡಿಯಾಗಿತ್ತು. ಸಾರಿನ ಕಡೆ ನೋಡಲೂ ಇಲ್ಲ.

"ಹಬ್ಬ ಬಂತು ಗೌಡ್ರೇ, ವ್ರತ ಮುಗೀತು. ಒಂದ್ಸಲ ಬೈರಿ. ಕೇಳದೆ ತುಂಬಾ ದಿನ ಆಯ್ತು."

ನಾನು ಕಿವಿ ಮುಚ್ಚಿಕೊಂಡೆ! ಮಾವ ಬಾಯಿ ತೆರೆದರು. ಮುಚ್ಚಿದರು. ಮತ್ತೆ ತೆರೆದರು. ಅವರ ಕಣ್ಣಲ್ಲಿ ನೀರು ನೋಡಿದ್ದು ನಾನು ಅವತ್ತೇ.

"ಇಲ್ಲಿ ಆಗಲ್ಲ ಮಾರಾಯ" ಅಂತ ರೈಟರ ಹೊದಿಕೆ ಸರಿಮಾಡಿದರು. "ಎದ್ದು ತೋಟಕ್ಕೆ ಬಾ. ಅಲ್ಲಿ ನಿಲ್ಲಿಸಿ ಬೈತೀನಿ."

"ಬರ್ತೀನಿ" ಅಂದರು ರೈಟರು.

ಬರಲಿಲ್ಲ. ಮಳೆಗಾಲ ಹಿಡಿಯುವ ಮೊದಲೇ ಹೋಗಿಬಿಟ್ಟರು. ಮಾವ ಅವರಿಗೆ ಬೈಯಬೇಕಿದ್ದ ಬೈಗುಳ ಹಾಗೇ ಉಳಿಯಿತು, ಬೇರೆ ಯಾರಿಗೂ ಇವತ್ತಿನವರೆಗೆ ಬೈದಿಲ್ಲ. ಕೆಲಸ ಶುರುವಾಗುವುದು ಆಳುಗಳಿಗೆ ಗೊತ್ತಾಗಬೇಕಲ್ಲ, ತೋಟದಲ್ಲಿ ಈಗೊಂದು ಗಂಟೆ ಕಟ್ಟಿಸಿದ್ದಾರೆ.